ಐದನೇ ಗೇರು

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು ನಾನು. ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಅರ್ಧಕ್ಕೇ ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಆ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಂಡಿದ್ದೇನೆ. ನೆನೆದಾಗಲೆಲ್ಲ ನೆನಪೇ ಸ್ವಲ್ಪ ಸ್ವಲ್ಪ ಬದಲಾಗಿರಬಹುದೆಂಬ ಅನುಮಾನವೂ ಇದೆ.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಸದಾಶಿವ ಪೇಠದ ಹಳೆಯ ತೊಟ್ಟಿಮನೆಯಂಥ ಒಂದು ವಾಡೆಯಲ್ಲಿ ನನ್ನ ಚಿಕ್ಕಪ್ಪ, ಚಿಕ್ಕಮ್ಮ ಇದ್ದರು; ನಮ್ಮ ಬಾಯಲ್ಲಿ ಕಾಕಾ, ಕಾಕು. ಕಾಕಾ ಭೋಸರಿಯ ಕಾರ್ಖಾನೆಯೊಂದರಲ್ಲಿ ಫೋರ್ಮನ್. ಅವರ ಬಳಿ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿತ್ತು. ಮಶೀನಿಗೆ ಸಿಕ್ಕು ಅವರ ಎಡಗೈ ಬೆರಳುಗಳು ಬಲ ಕಳೆದುಕೊಂಡ ಮೇಲೆ, ಗೇರ್ ಹಾಕುವ ಕೆಲಸ ಪಕ್ಕದಲ್ಲಿ ಕೂತ ಕಾಕುವಿನದಾಯಿತು. ಕಾಕಾ ಕ್ಲಚ್ ಒತ್ತಿ "ಎರಡು", "ಮೂರು" ಅನ್ನುವರು, ಕಾಕು ಬಲಗೈಯಿಂದ ಲಿವರ್ ಸರಿಸುವರು. ಇಬ್ಬರೂ ಸೇರಿ ಒಬ್ಬ ಡ್ರೈವರ್.

ಗಾಡಿಗೆ ಇದ್ದದ್ದು ನಾಲ್ಕೇ ಗೇರು. ಹೆದ್ದಾರಿಯಲ್ಲಿ ಸ್ವಲ್ಪ ವೇಗ ಹೆಚ್ಚಿದರೆ ಇಂಜಿನ್ ಕಿರುಚುತ್ತಿತ್ತು, ಪಕ್ಕದವರ ಮಾತು ಕೇಳುತ್ತಿರಲಿಲ್ಲ. "ಐದನೇ ಗೇರ್ ಕೂಡಸ್ತೀನಿ ತಡಿ, ಆಮ್ಯಾಲೆ ಆರಾಮ ಮಾತಾಡೂಣು" ಎಂದು ಕಾಕಾ ಕೂಗುವರು. "ಮದುವ್ಯಾಗಿ ಮೂವತ್ತು ವರ್ಷಾತು, ಹೆಂಡ್ತಿ ಜೋಡಿ ಮಾತಾಡಲಿಕ್ಕೂ ಗೇರ್ ಬೇಕೇನ್ರಿ?" ಎಂದು ಕಾಕು ಅದಕ್ಕಿಂತ ಜೋರಾಗಿ ಕೂಗುವರು.

ಕಾಕಾ ಗುಜರಿಯಿಂದ ಐದು ಗೇರಿನ ಗೇರ್‌ಬಾಕ್ಸೊಂದನ್ನು ತಂದೂ ಇಟ್ಟರು. ಕೂಡಿಸುವ ಮೊದಲೇ ಎದೆನೋವು ಬಂದು ತೀರಿಕೊಂಡರು.

ನಾನು ಅದನ್ನು ಕೂಡಿಸಲು ಕೈಹಾಕಿದ್ದು ಅವರು ಹೋಗಿ ಐದಾರು ತಿಂಗಳಾದ ಮೇಲೆ. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಬೇಕಾದ ಭಾಗಗಳನ್ನೆಲ್ಲ ನಾನೇ ಮಾಡಿಕೊಂಡೆ. ಕಾಕುವಿಗೆ ಅಷ್ಟೇನೂ ಮನಸ್ಸಿರಲಿಲ್ಲ. "ನನ್ನ ಕೈಗೆ ನಾಲ್ಕೇ ಗೊತ್ತೋ. ಒಮ್ಮೆ ಹೋಗಿ ನೋಡೂಣು. ಐದನೇದು ನನ್ನ ಕೈಗೆ ಸಿಗಲಿಲ್ಲಂದ್ರ ಗಾಡಿ ಮಾರಿಬಿಡು" ಎಂದರು.

ಒಂದು ಭಾನುವಾರ ಮಧ್ಯಾಹ್ನ ಹಳೆಯ ಮುಂಬಯಿ ರಸ್ತೆಯಲ್ಲಿ ತಳೇಗಾಂವದ ಕಡೆ ಹೊರಟೆವು. ನನ್ನ ಎರಡೂ ಕೈ ಗಟ್ಟಿಯಾಗಿದ್ದರೂ ಲಿವರ್ ಮುಟ್ಟಲು ಕಾಕು ಬಿಡಲಿಲ್ಲ. "ನೀ ಬರೇ ಹೇಳು. ಅದೂ ತಡಾ ಮಾಡ್ತಿ. ನಿಮ್ಮ ಕಾಕಾನ ಹಂಗ ಟೈಮಿಗೆ ಹೇಳೋ" ಎಂದು ಬೈದರು. ನಾಲ್ಕರವರೆಗೆ ಸಲೀಸಾಗಿ ಹಾಕಿದರು. ನಾನು ಕ್ಲಚ್ ಒತ್ತಿ "ಐದು" ಎಂದೆ. ಲಿವರ್ ನನ್ನ ಕಡೆ ವಾಲಿ ಮುಂದೆ ಹೋಯಿತು, ಗೇರ್ ಬೀಳಲಿಲ್ಲ. ಮತ್ತೊಮ್ಮೆ ಹೇಳಿದೆ. ಮೂರನೆಯ ಸಲವೂ ಆಗಲಿಲ್ಲ. ಕಾಕುವಿನ ಮುಖ ಸಣ್ಣದಾಯಿತು. ಮಾರುವ ಮಾತು ಈಗ ಬಂತೆಂದುಕೊಂಡೆ.

ಆಗ ಅವರು ರಸ್ತೆಯನ್ನೇ ನೋಡುತ್ತ "ಹ್ಞೂಂ ರೀ" ಎಂದರು. ಗಂಡನ ಅಣ್ಣನ ಮಗನಿಗೆ ಯಾರೂ 'ರೀ' ಅನ್ನುವುದಿಲ್ಲ. ಲಿವರನ್ನು ನಡುವೆ ತಂದು, ನನ್ನ ಕಡೆ ವಾಲಿಸಿ, ಅಂಗೈಯಿಂದ ಕೆಳಗೆ ಒತ್ತಿ, ಮುಂದೆ ತಳ್ಳಿದರು. ಗೇರ್ ಬಿತ್ತು.

ಇಂಜಿನಿನ ಕೂಗು ಇಳಿಯಿತು. ಗಾಳಿಯ ಸದ್ದಷ್ಟೇ ಉಳಿಯಿತು. ಕಾಕು ಸಣ್ಣ ದನಿಯಲ್ಲಿ ಮಾತಾಡತೊಡಗಿದರು. "ಗುಳಿಗಿ ತಪ್ಪಸೂದಿಲ್ಲ ಬಿಡ್ರಿ. ಒಂದ ಕಪ್ಪಿನ ಚಹಾಕ್ಕ ಎಷ್ಟ್ ನೀರು ಅನ್ನೂದು ಮಾತ್ರ ಇನ್ನೂ ತಿಳಿಯವಲ್ದು." ನಡುನಡುವೆ ನಿಲ್ಲಿಸುವರು, ಕೇಳಿಸಿಕೊಳ್ಳುವವರಂತೆ ಸುಮ್ಮನಿರುವರು. ಒಮ್ಮೆ ನಕ್ಕರು. ಪೂರ್ತಿ ಕೇಳಲು ನನಗೆ ಸಂಕೋಚವಾಯಿತು. ತಳೇಗಾಂವದವರೆಗೂ ನಾನು ವೇಗ ಇಳಿಸಲಿಲ್ಲ.

ಅಲ್ಲಿ ಚಹಾ ಕುಡಿಯುವಾಗ ಕೇಳಿದೆ: "ಕಾಕು, ಕೆಳಗ ಒತ್ತಬೇಕಂತ ಯಾರು ಹೇಳಿದ್ರು?"

"ನೀನ ಹೇಳಿದ್ಯಲ್ಲೋ, ಮತ್ಯಾರು ಅದಾರ ಗಾಡಿಯೊಳಗ?" ಎಂದು ಅವರು ಚಹಾದ ಬಶಿಯ ಕಡೆ ತಿರುಗಿದರು.

ನಾನು ಹೇಳಿದೆನೇ? ಹೇಳಿದ ನೆನಪಿಲ್ಲ. ಆದರೆ ಹೇಳಿಲ್ಲವೆನ್ನಲು ನನ್ನ ನೆನಪು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಒತ್ತಬೇಕೆಂಬುದು ನನಗೇ ಗೊತ್ತಿರಲಿಲ್ಲ. ಕೈ ತಾನಾಗಿ ದಾರಿ ಹುಡುಕಿಕೊಂಡಿರಬಹುದು. ಕಾಕಾ ಬದುಕಿದ್ದಾಗಲೇ ಈ ಗೇರ್‌ಬಾಕ್ಸಿನ ಗುಟ್ಟನ್ನು ಕಾಕುವಿಗೆ ಹೇಳಿದ್ದಿರಬಹುದು ಎಂದೂ ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

ಗಾಡಿ ಮಾರಲಿಲ್ಲ. ಮರುವರ್ಷ ಎಣ್ಣೆ ಜಿನುಗುತ್ತದೆಂದು ಬಿಚ್ಚಿದಾಗ ಎಲ್ಲವನ್ನೂ ಅಳೆದು ನೋಡಿದೆ. ಗೇರ್‌ಬಾಕ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಕಾಕಾ ಹೋದ ಮೇಲೆ ನಾನು ಲೇಥಿನಲ್ಲಿ ಮಾಡಿ ಕೂಡಿಸಿದ ಲಿವರ್ ಎರಡು ಮಿಲಿಮೀಟರ್ ಗಿಡ್ಡವಾಗಿತ್ತು. ಕೆಳಗೆ ಒತ್ತದೆ ಅದರ ತುದಿ ಐದನೇ ಗೇರಿಗೆ ಮುಟ್ಟುತ್ತಲೇ ಇರಲಿಲ್ಲ.