ತೊಗರಿ ಹೊಲದಲ್ಲಿ ಮಾವನ ಫೋನು

ಫೋನು ರಿಂಗಾಗುತ್ತಿದೆ, ಆದರೆ ಯಾರೂ ಎತ್ತುತ್ತಿಲ್ಲ. ಇದಕ್ಕಿಂತ ಕೆಟ್ಟ ಸದ್ದು ಕೇಳಿದ್ದೀರಾ? ಕಳೆದ ವಾರ ನಾನು ಅದನ್ನೇ ಮಧ್ಯಾಹ್ನವಿಡೀ ಕೇಳಿದೆ.

ನನ್ನ ಸೋದರಮಾವ ಸ್ಯಾಮುವೆಲ್ ಭಾಲ್ಕಿ ಊರಿನವರು, ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದವರು ಊಟದ ಹೊತ್ತಾದರೂ ಬಂದಿರಲಿಲ್ಲ. ಅವರಿಗೆ ಶುಗರ್ ಬೇರೆ. ಅತ್ತೆ ಫೋನ್ ಮಾಡಿ, "ಜರಾ ಲಗೂನ ಬಾರಪ್ಪಾ" ಅಂದರು. ಅಷ್ಟೇ ಮಾತು. ಬೀದರಿನಿಂದ ಭಾಲ್ಕಿಗೆ ಓಡಿದೆ.

ಮಾವನದು ಹಳೆಯ ಕೀಪ್ಯಾಡ್ ಫೋನು. ಲೈವ್ ಲೊಕೇಶನ್ ಎಲ್ಲಿಂದ ಬರಬೇಕು? ಅತ್ತೆಯನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರ್ ಮೊಬೈಲ್ ಕಂಪನಿಯಿಂದ ಟವರ್ ಲೊಕೇಶನ್ ತರಿಸಿದರು.

"ಖಟಕ ಚಿಂಚೋಳಿ ಕಡಿ ಟವರ್ ತೋರಸ್ತದ್ರಿ."

"ಅಲ್ಲಿ ಎಲ್ರಿ ಸಾಹೇಬ್ರ?"

"ಟವರ್ ಮನಿ ನಂಬರ್ ಹೇಳಂಗಿಲ್ರಿ. ಯಾವ ದಿಕ್ಕು, ಅಂದಾಜು ಎಷ್ಟು ದೂರ, ಅಷ್ಟೇ. ಸಿಟ್ಯಾಗ ಟವರ್ ಹತ್ತಿರ ಹತ್ತಿರ ಇರ್ತಾವ, ಜಲ್ದಿ ಸಿಗ್ತಾರ. ಇಲ್ಲಿ ಒಂದೇ ಟವರಿಗೆ ಮೂರ್ನಾಲ್ಕು ಹಳ್ಳಿ."

ಕರೆ ಮಾಡದಿದ್ದರೂ ಫೋನು ಟವರಿಗೆ ತನ್ನ ಹಾಜರಿ ಹಾಕುತ್ತಲೇ ಇರುತ್ತದಂತೆ. (ಮೇಷ್ಟ್ರ ಫೋನಲ್ಲವೇ!)

ಒಬ್ಬ ಕಾನ್‌ಸ್ಟೆಬಲ್ ಜೊತೆ ಹೊರಟೆವು. ರಸ್ತೆಯ ಎರಡೂ ಕಡೆ ಆಳೆತ್ತರದ ತೊಗರಿ. ಸ್ವಲ್ಪ ದೂರ ಹೋಗುವುದು, ಗಾಡಿ ಬಂದ್ ಮಾಡುವುದು, ರಿಂಗ್ ಕೊಡುವುದು, ಕಿವಿಗೊಟ್ಟು ನಿಲ್ಲುವುದು. ಹಕ್ಕಿ ಸದ್ದು. ಗಾಳಿ. ಮತ್ತೆ ಗಾಡಿ. ಫೋನಿನ ಬ್ಯಾಟರಿ ಮುಗಿದರೆ? ಅದಕ್ಕಿಂತ ಮೊದಲು ಮಾವನೇ ಸೋತುಹೋದರೆ?

ಒಂದು ತಿರುವಿನಲ್ಲಿ ಅತ್ತೆ ನನ್ನ ತೋಳು ಹಿಡಿದರು. "ತಡಿ. ಕೇಳು."

ಟ್ರಿನ್ ಟ್ರಿನ್. ಸಣ್ಣಗೆ, ತೊಗರಿಯೊಳಗಿಂದ.

ಸ್ಕೂಟರ್ ಹೊಲಕ್ಕೆ ನುಗ್ಗಿ ಬಿದ್ದಿತ್ತು. ಅದರಡಿ ಮಾವನ ಕಾಲು. ಫೋನು ಕೈಗೆ ಎಟುಕದಷ್ಟು ದೂರದಲ್ಲಿತ್ತು. ಅಡ್ಡ ಬಂದ ಹಂದಿ ತಪ್ಪಿಸಲು ಹೋಗಿ ಹೀಗಾಗಿತ್ತು. ಕೂಗಿ ಕೂಗಿ ಗಂಟಲು ಬಿದ್ದಿತ್ತು. ಅಷ್ಟಾದರೂ ಮೊದಲ ಮಾತು: "ಆ ಫೋನ್ ಆಗಿಂದ ಒದರ್ಲಿಕತ್ತದ. ಮೊದಲ ಅದಕ್ಕ ಬಂದ್ ಮಾಡ್ರಿ."

ಅತ್ತೆ ನಕ್ಕರು. ಆಮೇಲೆ ಅಲ್ಲೇ ಕೂತು ಅತ್ತರು.

ಈಗ ಮಾವನ ಕಾಲಿಗೆ ಪ್ಲಾಸ್ಟರ್ ಇದೆ, ನಾಲಿಗೆಗಿಲ್ಲ. ಆ ಟವರಿಗೆ ನಾನಂತೂ ಕೈ ಮುಗಿದು ಬಂದೆ. ಆದರೆ ಒಂದು ಅನುಮಾನ ಉಳಿದಿದೆ. ನಾವು ಬಿದ್ದಾಗ ಹುಡುಕಲಿ, ಸರಿ. ಫೋನಿನ ಹಾಜರಿ ದಿನವಿಡೀ ನಡೆದೇ ಇರುತ್ತದಲ್ಲ, ಎದ್ದು ಓಡಾಡುವಾಗ ನಾವೆಲ್ಲಿದ್ದೇವೆ ಎಂಬುದು ಯಾರಿಗೆ, ಯಾಕೆ ಬೇಕು?