ಹಾಳೂರು ಹುಡುಕಲು ಹೋದ ಮೂವರು

ವಿಜಯಪುರ ಜಿಲ್ಲೆಯ ಇಂಡಿ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದರೂ ನಾನು ಒಂದು ಹಳೆಯ ಊರನ್ನು ಹುಡುಕಿಕೊಂಡು ಹೋದವನಲ್ಲ. ನಿವೃತ್ತನಾದ ಮೇಲೆ ಆ ಹುಚ್ಚು ಹತ್ತಿಸಿದವನು ಸಿಂದಗಿಯ ನನ್ನ ಗೆಳೆಯ. ಅವನು ಸರ್ವೆಯರ್ ಆಗಿದ್ದವನು. ಹೊಲ ಅಳೆಯುತ್ತ ಅಳೆಯುತ್ತ ಅರ್ಧ ಜಿಲ್ಲೆಯನ್ನು ನಡೆದೇ ನೋಡಿದ್ದ.

ಒಂದು ರವಿವಾರ ಬೆಳಿಗ್ಗೆ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದ. ಹಳೆಯ ನಕಾಶೆಯೊಂದರ ಝೆರಾಕ್ಸ್ ತಂದಿದ್ದ. ಅದನ್ನು ಪಡಸಾಲೆಯಲ್ಲಿ ಹಾಸಿ, ಭೀಮಾ ಹೊಳೆ ತಿರುಗುವಲ್ಲಿ ಬೆರಳಿಟ್ಟ. ಸಣ್ಣ ಅಕ್ಷರದಲ್ಲಿ ‘ಹಾಳೂರು’ ಎಂದು ಬರೆದಿತ್ತು.

“ಇಲ್ಲಿ ದೊಡ್ಡ ಪ್ಯಾಟಿ ಇದ್ದಿರಬೇಕು ದೋಸ್ತ. ನಾ ನೌಕರಿಗೆ ಸೇರಿದ ಹೊಸದರಾಗ ಅಲ್ಲೊಂದು ದಿಬ್ಬ ನೋಡೇನಿ. ಕಾಲಿಟ್ಟಲ್ಲೆಲ್ಲಾ ಒಡದ ಗಡಿಗಿ ಚೂರು.”

ಅಲ್ಲಿಂದ ಮೂರು ರವಿವಾರ ನಮ್ಮ ತಯಾರಿ ನಡೆಯಿತು. ಹತ್ತು ಹೆಜ್ಜೆ ಅಂತರದಲ್ಲಿ ಸಾಲು ಹಿಡಿದು ನಡೆಯುವುದು, ಕಂಡದ್ದನ್ನು ಕಂಡಲ್ಲೇ ಬರೆದುಕೊಳ್ಳುವುದು ಎಂದು ಗೊತ್ತು ಮಾಡಿದೆವು. ನಾನು ಒಂದು ಸಲಿಕೆ ಒಯ್ಯೋಣ ಎಂದೆ. ಅವನಿಗೆ ಸಿಟ್ಟು ಬಂತು.

“ಸಲಿಕಿ ತಗೊಂಡ್ರ ನಾ ಬರಂಗಿಲ್ಲ. ಅಗಿಯೂದು ತಿಳದವರ ಕೆಲಸ. ನಾವು ನೋಡೂದು, ಬರಿಯೂದು, ಅಷ್ಟ.”

ಅರ್ಧ ತಾಸು ವಾದ ಆಯಿತು. ಚಹಾ ತಂದ ನನ್ನ ಹೆಂಡತಿ ನಗುತ್ತ, “ನೀವಿಬ್ಬರೂ ಕುಂತಲ್ಲೇ ಊರ ಹುಡುಕಿ ಮುಗಸ್ತೀರಿ. ಬರೂ ಬುಧವಾರ ಹೋಗೂಣು, ನಾನೂ ಬರ್ತೇನಿ” ಎಂದಳು. ಹೊರಡುವ ದಿನ ಹಾಗೆ ಗೊತ್ತಾಯಿತು. ಸಲಿಕೆ ಮನೆಯಲ್ಲೇ ಉಳಿಯಿತು.

ಬುಧವಾರ ಹೊಳೆಯ ದಂಡೆಗೆ ಹೋಗಿ ನೋಡಿದರೆ ದಿಬ್ಬವೇ ಇಲ್ಲ! ಜೋಳ ಕಿತ್ತು ಬೋಳಾದ ಹೊಲ ಅಂಗೈಯಂತೆ ಸಪಾಟಾಗಿತ್ತು. ಗೆಳೆಯ ನಕಾಶೆ ತಿರುಗಿಸಿ ತಿರುಗಿಸಿ ನೋಡಿದ. “ಇಲ್ಲೇ ಇತ್ತಲ್ಲೋ” ಎಂದು ಮೂರು ಸಲ ಅಂದವನು ಬದುವಿನ ಮೇಲೆ ಕುಳಿತುಬಿಟ್ಟ. ಅವನ ಮುಖ ನೋಡಿ ನನಗೆ ಕೆಟ್ಟೆನಿಸಿತು.

ಹತ್ತಿರದಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ನಮ್ಮ ಕಡೆ ಬಂದಳು. “ಏನ್ ಕಳಕೊಂಡೀರಿ ಯಪ್ಪಾ?”

“ಇಲ್ಲೊಂದು ದಿಬ್ಬ ಇತ್ತಲ್ಲ ಯವ್ವಾ, ಹಾಳೂರ ದಿಬ್ಬ?” ಎಂದೆ.

“ಅದಾ? ಗಾಡಿಗಟ್ಲೆ ಹೇರಿ ಒಯ್ದು ಊರ ಮಂದೆಲ್ಲಾ ಮಾಳಗಿ ಮ್ಯಾಲ ಹಾಕ್ಕೊಂಡೇವಲ್ರಿ. ಆ ಮಣ್ಣು ಹಾಕಿದ್ರ ಮಳಿಗಾಲದಾಗ ಮನಿ ಸೋರಂಗಿಲ್ಲ. ನಿಮ್ಮ ಊರ ನಮ್ಮ ಮನಿ ಮ್ಯಾಲ ಐತಿ, ಬರ್ರಿ.”

ನಿಚ್ಚಣಿಕೆ ಹತ್ತಿ ಅವಳ ಮಾಳಿಗೆಗೆ, ಮನೆಯ ಸಪಾಟು ಮಣ್ಣಿನ ಛಾವಣಿಯ ಮೇಲೆ, ಹೋದೆವು. ಬೂದಿಬಣ್ಣದ ಮಣ್ಣು ಗಟ್ಟಿಯಾಗಿ ಕೂತಿತ್ತು. ಗೆಳೆಯನಿಗೆ ಜೀವ ಬಂತು. ಮಾಳಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಹಾಗಾಗಿ ಗೇಣುಗೇಣು ಬಿಟ್ಟು ಸಾಲು ಹಿಡಿದೆವು, ಮೂವರೂ ಮೊಣಕಾಲೂರಿ. ಕಪ್ಪು-ಕೆಂಪು ಗಡಿಗೆಯ ಚೂರು, ಶಂಖದ ಬಳೆಯ ತುಂಡು ಕಂಡವು. ಮೂಲೆಯಲ್ಲಿದ್ದ ನನ್ನ ಹೆಂಡತಿ ಒಮ್ಮೆಲೇ “ಇಲ್ಲಿ ನೋಡ್ರಿ!” ಎಂದಳು. ಕಡಲೆಕಾಳಿನಷ್ಟು ಕೆಂಪು ಕಲ್ಲಿನ ಮಣಿ. ನಡುವೆ ನೂಲು ಹಾಯುವಷ್ಟು ಸಣ್ಣ ತೂತು.

ಮುದುಕಿ ಅದನ್ನು ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿದಳು. “ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಇಲ್ಲೇ ಹಪ್ಪಳ ಒಣಗಸೇನಿ. ಒಂದ್ ದಿನಾ ಕೆಳಗ ನೋಡಿಲ್ಲ.” ಬಹಳ ಹೊತ್ತು ಅದನ್ನೇ ನೋಡಿದಳು. “ಯಾರ ಕೊಳ್ಳಾಗಿಂದೋ ಏನೋ, ಪಾಪ.”

ಮಣಿ ಅವಳ ಮನೆಯದು ಎಂದು ಅಲ್ಲೇ ಬಿಟ್ಟೆವು. ಸಂಜೆಯೊಳಗೆ ಇನ್ನೂ ನಾಲ್ಕು ಮಾಳಿಗೆ ಹತ್ತಿ ಇಳಿದೆವು. ಗೆಳೆಯ ಎಲ್ಲವನ್ನೂ ಬರೆದು, ಚಿತ್ರ ತೆಗೆದು, ತಿಳಿದವರಿಗೆ ಕಳಿಸಿದ. ಒಬ್ಬ ವಿದ್ವಾಂಸರು ಬಂದು ನೋಡಿ, ಊರು ಇದ್ದದ್ದು ನಿಜ, ತುಂಬ ಹಳೆಯದು ಎಂದು ಹೇಳಿದರು. ಆ ದಿನ ಗೆಳೆಯ ಖುಷಿಯಲ್ಲಿ ನಮ್ಮ ಮನೆಯಲ್ಲಿ ಎರಡು ಸಲ ಊಟ ಮಾಡಿದ.

ಈಗ ಜೋರು ಮಳೆಯಾಗಿ ಮಾಳಿಗೆ ತೊಳೆದಾಗೊಮ್ಮೆ ಆ ಮುದುಕಿ ನನ್ನ ಹೆಂಡತಿಗೆ ಫೋನ್ ಮಾಡುತ್ತಾಳೆ. “ತಂಗೀ, ಮತ್ತೊಂದು ಮಣಿ ಎದ್ದೈತಿ, ಯಾವಾಗ ಬರ್ತೀರಿ?” ಎಂದು ಕೇಳುತ್ತಾಳೆ. ನಾವು ಮೂವರೂ ಮರುದಿನದ ಮೊದಲ ಬಸ್ಸಿಗೇ ಹೊರಡುತ್ತೇವೆ.