ಗಾಳಿಯಲ್ಲಿ ದೋಣಿ ಹತ್ತಿದ ಅಕ್ಕ

ಮೊನ್ನೆ ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ಯಾರೋ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಡಬ್ಬಿ ತೆರೆದರು. ಆ ಸೊನೆಯ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಅಕ್ಕನ ಸೀರೆಗೂ ಕೈಗೂ ಸದಾ ಅದೇ ವಾಸನೆ...

ಅಕ್ಕ ಎಂದರೆ ನಮ್ಮ ಒಡತಿ. ಕೆಲಸದ ಹೆಂಗಸರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಹೊಸನಗರದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕಲು ಶುರುಮಾಡಿದವರು, ಮುಂದೆ ಸಾಗರದಲ್ಲಿ ದೊಡ್ಡ ಕಾರ್ಖಾನೆಯನ್ನೇ ಕಟ್ಟಿದರು. ದೂರದ ಹಳ್ಳಿಯ ಹುಡುಗಿಯರಿಗೆ ಉಚಿತ ಹಾಸ್ಟೆಲ್ ನಡೆಸುತ್ತಿದ್ದರು. ನಾನು ಅಲ್ಲೇ ಉಳಿದು ಓದಿ, ಅವರ ಬಳಿಯೇ ಕೆಲಸಕ್ಕೆ ಸೇರಿದವಳು. ಅವರ ಗದರಿಕೆಗೆ ಲಾರಿ ಡ್ರೈವರುಗಳೂ ನಡುಗುತ್ತಿದ್ದರು. ಅಂಥವರಿಗೂ ಭಯವಿರಬಹುದೆಂದು ನಾನು ಎಣಿಸಿರಲೇ ಇಲ್ಲ.

ಒಂದು ಮಧ್ಯಾಹ್ನ ಅಣೆಕಟ್ಟಿನ ಹಿನ್ನೀರಿನಾಚೆಯ ನಮ್ಮೂರಿಂದ ಫೋನ್ ಬಂತು. ತಂಗಿಗೆ ಹೆರಿಗೆನೋವು, ರಕ್ತ ನಿಲ್ಲುತ್ತಿಲ್ಲ. ಅಕ್ಕ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ದಡಕ್ಕೆ ಬಂದರು. ಗಾಳಿ ಎದ್ದಿತ್ತು. ನೀರು ಕಪ್ಪಗೆ ಕುದಿಯುವಂತೆ ಕಾಣುತ್ತಿತ್ತು.

"ಈ ಗಾಳೀಲಿ ಆಗಲ್ರಮ್ಮ, ಮಗುಚತ್ತೆ," ಎಂದ ದೋಣಿಯವನು.

"ನಾನೂ ಕೂರ್ತೀನಿ. ಬಿಡು," ಎಂದರು ಅಕ್ಕ.

ನಡುನೀರಿನಲ್ಲಿ ದೋಣಿ ಓಲಾಡಿತು. ಅಲೆ ಒಳಗೆ ನುಗ್ಗಿತು. ನಾನು ಕಿರುಚಿದೆ. ಅಕ್ಕ ನನ್ನ ತೋಳು ಹಿಡಿದುಕೊಂಡರು.

"ನಂಗೆ ಈಜು ಬರಲ್ಲ ಕಣೆ... ಜೀವ ಬಾಯಿಗೆ ಬಂದಿದೆ. ನೀ ನೀರು ಮೊಗಿ, ನಿಲ್ಸಬೇಡ."

ಮೊಗೆದೆ. ಅವರೂ ಮೊಗೆದರು. ತಂಗಿಯನ್ನು ಹತ್ತಿಸಿಕೊಂಡು ವಾಪಸು ಬರುವಾಗ ಅವಳ ತಲೆ ಅಕ್ಕನ ತೊಡೆಯ ಮೇಲಿತ್ತು. ಅವಳ ಮೈ ತಣ್ಣಗಾಗುತ್ತಿತ್ತು. ದಡ ಮಾತ್ರ ಹತ್ತಿರವಾಗುತ್ತಲೇ ಇರಲಿಲ್ಲ...

ತಂಗಿ ಉಳಿದಳು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಒದ್ದೆ ಸೀರೆಯಲ್ಲೇ ಕೂತು ಅಕ್ಕ ಅತ್ತರು. ತೀರ್ಥಹಳ್ಳಿಯಲ್ಲಿ ಇನ್ನೊಂದು ಕಾರ್ಖಾನೆ ತೆರೆಯುವ ಯೋಚನೆಯಿತ್ತು ಅವರಿಗೆ. ಅದನ್ನು ಕೈಬಿಟ್ಟು, ಹಿನ್ನೀರಿನ ಊರುಗಳ ರೋಗಿಗಳಿಗೆಂದು ಮೋಟಾರ್ ದೋಣಿ ಕೊಡಿಸಿದರು. ತಾವು ಮಾತ್ರ ಒಮ್ಮೆಯೂ ಅದನ್ನು ಹತ್ತಲಿಲ್ಲ. ದೋಣಿ ಹೊರಟ ಸುದ್ದಿ ಬಂದರೆ, ಅದು ದಡ ಮುಟ್ಟಿತೆಂದು ಕೇಳುವವರೆಗೆ ಊಟಕ್ಕೂ ಕೂರುತ್ತಿರಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ದೋಣಿಯ ಉಸ್ತುವಾರಿ ಈಗ ನನ್ನದು. ಗಾಳಿ ಎದ್ದ ದಿನ ದೋಣಿಯವನು ಫೋನ್ ಮಾಡುತ್ತಾನೆ: "ಆಚೆ ಪೇಶೆಂಟ್ ಇದಾರಂತೆ. ಬಿಡ್ಲಾ, ಬೇಡ್ವಾ?"

ಹೂಂ ಅನ್ನಬೇಕಾದವಳು ನಾನು. ಕೇಳೋಣವೆಂದರೆ ಅಕ್ಕ ಇಲ್ಲ...